ಅಜ್ಜಯ್ಯನ ಕೋವಿಗೆ ಪಾಲಿಶ್ ಪೇಪರ್ ಹಾಕಿಸಬೇಡಿ

ಬರ್ಮಿಂಗ್‌ಹ್ಯಾಮ್

ಅಪ್ಪಯ್ಯನಿಗೆ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಭಾನುವಾರ ಫೋನಿನಲ್ಲಿ ತಮ್ಮ ಒಂದು ಮಾತು ಹೇಳಿದ, ಅವತ್ತಿಂದ ನನಗೆ ಅದೇ ಯೋಚನೆ. ಆಯುಧ ಪೂಜೆ ಒಳಗೆ ಅಜ್ಜಯ್ಯನ ಜೋಡುನಳಿಗೆ ಕೋವಿಯ ಹಿಡಿಗೆ ಬಡಗಿ ಕೈಲಿ ಪಾಲಿಶ್ ಪೇಪರ್ ಹಾಕಿಸಿ, ನಳಿಗೆಗೂ ಹೊಸದಾಗಿ ಕಪ್ಪು ಬಣ್ಣ ಕೊಡಿಸಬೇಕು ಅಂತಿದ್ದೀರಂತೆ. ದಯವಿಟ್ಟು ಬೇಡ ಅಪ್ಪಯ್ಯ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೋವಿಯ ಮೇಲೆ ಬೊಂಬಾಯಿ ಅಂಗಡಿಯ ಹೆಸರಿದೆ ಅಂತ ನಾವೆಲ್ಲ ಅದನ್ನು ಬೊಂಬಾಯಿ ಕೋವಿ ಅಂದುಕೊಂಡೇ ಬೆಳೆದೆವು, ಅಲ್ವಾ? ತಮ್ಮ ನಳಿಗೆ ಬಿಚ್ಚಿ ಅಡಿಭಾಗದ ಫೋಟೋ ಕಳಿಸಿದ್ದಾನೆ. ಅಲ್ಲಿ ಪುಟ್ಟ ಕಿರೀಟಗಳು, ಒಂದೊಂದರ ಕೆಳಗೂ ಬಿವಿ, ಬಿಪಿ, ಎನ್‌ಪಿ ಅಂತ ಅಕ್ಷರ. 1904ರಿಂದ 1954ರವರೆಗೆ ಈ ಊರಿನ ಪ್ರೂಫ್ ಹೌಸ್, ಅಂದರೆ ಕೋವಿ ಪರೀಕ್ಷೆ ಮಾಡುವ ಮನೆ, ಒತ್ತುತ್ತಿದ್ದ ಮುದ್ರೆ ಅದು! 1813ರಲ್ಲಿ ಶುರುವಾದ ಆ ಪ್ರೂಫ್ ಹೌಸ್ ಇವತ್ತಿಗೂ ಬ್ಯಾನ್‌ಬರಿ ಸ್ಟ್ರೀಟಿನಲ್ಲೇ ಇದೆ, ಮೂರ್ ಸ್ಟ್ರೀಟ್ ಸ್ಟೇಷನ್ನಿಂದ ನಡೆದುಕೊಂಡೇ ಹೋಗಬಹುದು. ನಳಿಗೆಗೆ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಈಡು ಹೊಡೆದು ನೋಡುತ್ತಾರೆ. ತಡೆದುಕೊಂಡರೆ ಮುದ್ರೆ, ಉಬ್ಬಿದರೆ ಇಲ್ಲ. ಎನ್‌ಪಿ ಅಂದರೆ ಹೊಗೆ ಬಾರದ ಹೊಸ ಮದ್ದನ್ನೂ ತಾಳುತ್ತದೆ ಅಂತ. ಅಂಗಡಿಯವರು ಹೆಸರು ಕೊರೆಸಿ ಮಾರುತ್ತಿದ್ದರು, ಕೆಲಸ ಇಲ್ಲಿನವರದು.

ಕೋವಿ ಸಂಗ್ರಹ ಮಾಡುವವರು ಹೆಚ್ಚಾಗಿ ಲಂಡನ್ನಿನ ದೊಡ್ಡ ಹೆಸರುಗಳ ಹಿಂದೆ ಹೋಗುತ್ತಾರೆ. ಪರ್ಡಿ ಕೋವಿ ನಿಜಕ್ಕೂ ಅದ್ಭುತ, ಬೀಸ್ಲಿ ಅನ್ನುವವನ 1880ರ ವಿನ್ಯಾಸದಲ್ಲೇ ಇವತ್ತಿಗೂ ಮಾಡುತ್ತಾರೆ. ಆದರೆ ನನ್ನ ಪ್ರೀತಿ ಈ ಊರಿನ ಕೋವಿಗಳ ಮೇಲೆ. 1875ರಲ್ಲಿ ಇಲ್ಲಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಅನ್ನುವ ಇಬ್ಬರು ಕೋವಿಯ ಕುದುರೆಯನ್ನು, ಅಂದರೆ ತೋಟಾ ಸಿಡಿಯುವಂತೆ ಬಡಿಯುವ ಪುಟ್ಟ ಸುತ್ತಿಗೆಯನ್ನು, ಹೊರಗಿಂದ ತೆಗೆದು ಒಳಗೇ ಇಟ್ಟರು. ನಳಿಗೆ ಮಡಚಿದರೆ ಸಾಕು, ಅದೇ ಬಲಕ್ಕೆ ಒಳಗಿನ ಕುದುರೆ ಎದ್ದು ಕೂರುತ್ತದೆ. ಅಜ್ಜಯ್ಯನ ಕೋವಿ ಮಡಚುವಾಗ ಕೈಗೆ ಸ್ವಲ್ಪ ಬಿಗಿ ಹತ್ತುತ್ತದಲ್ಲ, ಅದು ಇದೇ.

ಹೋದ ತಿಂಗಳು ಇಲ್ಲಿ ಒಬ್ಬ ಹಿರಿಯ ಕೆಲಸಗಾರರು ಹಿಡಿ ಕೂರಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಸೀಮೆಎಣ್ಣೆಯ ಪುಟ್ಟ ಬುಡ್ಡಿ ಹಚ್ಚಿ, ಕಬ್ಬಿಣದ ಭಾಗವನ್ನು ಅದರ ಹೊಗೆಗೆ ಹಿಡಿದು ಮಸಿ ಹತ್ತಿಸಿಕೊಳ್ಳುತ್ತಾರೆ. ಆಮೇಲೆ ಅದನ್ನು ಆಕ್ರೋಟ್ ಮರದೊಳಗೆ ಮೆಲ್ಲಗೆ ಒತ್ತಿ ತೆಗೆಯುತ್ತಾರೆ. ಮರದಲ್ಲಿ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮಾತ್ರ ಉಳಿಯಿಂದ ಒಂದು ಚೂರು ಕೆರೆಯುತ್ತಾರೆ. ಮತ್ತೆ ಹೊಗೆ, ಮತ್ತೆ ಒತ್ತು, ಮತ್ತೆ ಕೆರೆತ. ನಾನಿದ್ದ ಎರಡು ಗಂಟೆಯಲ್ಲಿ ಮರದಿಂದ ಉದುರಿದ್ದು ಒಂದು ಚಿಟಿಕೆ ಪುಡಿ, ಅಷ್ಟೇ. ಕೊನೆಗೆ ಮರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲು ತೂರುವಷ್ಟೂ ಜಾಗ ಇರುವುದಿಲ್ಲ.

ನಮ್ಮ ಕೋವಿಯ ಹಿಡಿಯನ್ನೂ ಯಾರೋ ಹೀಗೇ ಕೂರಿಸಿದ್ದಾರೆ ಅಪ್ಪಯ್ಯ. ಅವರ ಹೆಸರು ಕೋವಿಯ ಮೇಲೆ ಎಲ್ಲೂ ಇಲ್ಲ. ಪಾಲಿಶ್ ಪೇಪರ್ ಉಜ್ಜಿದರೆ ಆ ಅಂಚು ಕಬ್ಬಿಣಕ್ಕಿಂತ ತಗ್ಗಿಬಿಡುತ್ತದೆ, ಕೈ ಜಾರದ ಹಾಗೆ ಕೊರೆದ ಚೌಕುಳಿ ಗೀರೂ ಸವೆದುಹೋಗುತ್ತದೆ, ಮತ್ತೆ ಬರುವುದಿಲ್ಲ. ವಾರ್ನಿಷ್ ಕೂಡ ಬೇಡ. ಅಗಸೆ ಎಣ್ಣೆ ಒಂದು ಹನಿ ಅಂಗೈಗೆ ಹಾಕಿಕೊಂಡು ಬಿಸಿಯಾಗುವವರೆಗೆ ತಿಕ್ಕಿ, ಒಣಗಲು ಬಿಡಿ. ಸಾಕು.

ನಳಿಗೆಯ ಕಪ್ಪು ಬಣ್ಣದ್ದು ಇನ್ನೂ ದೊಡ್ಡ ಅಪಾಯ. ಎರಡು ನಳಿಗೆಯ ನಡುವಿನ ಪಟ್ಟಿಯನ್ನು ಕೂರಿಸಿರುವುದು ಬರೀ ಸೀಸ ತವರದ ಬೆಸುಗೆಯಲ್ಲಿ. ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿ ಬಣ್ಣ ಹತ್ತಿಸುವ ಪದ್ಧತಿ ಇದೆಯಲ್ಲ, ಅದು ಆ ಬೆಸುಗೆಯನ್ನೇ ತಿಂದುಹಾಕುತ್ತದೆ. ಈ ಕೋವಿಗಳಿಗೆ ತೆಳ್ಳಗೆ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ ಕಪ್ಪು ಮಾಡುವುದು, ದಿನಗಟ್ಟಲೆ ಕೆಲಸ.

ಇನ್ನೊಂದು, ಇದನ್ನು ಮರೆಯಲೇಬೇಡಿ. ಫೋಟೋದಲ್ಲಿ ಎರಡೂವರೆ ಇಂಚು ಅಂತ ಗುರುತಿದೆ, ಅಂದರೆ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ ಕೋವಿ. 70 ಮಿಲಿಮೀಟರ್ ತೋಟಾ ಸುಮ್ನೆ ಒಳಗೆ ಹೋಗಿ ಕೂರುತ್ತದೆ, ಸರಿಯಾಗೇ ಇದೆ ಅನ್ನಿಸುತ್ತದೆ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗೆ ಒತ್ತಡ ಏರುತ್ತದೆ. ತೋಟದಲ್ಲಿ ಮಂಗ ಓಡಿಸಲು ತಂದಿಟ್ಟ ಪೆಟ್ಟಿಗೆ ಮೇಲೆ ಏನು ಬರೆದಿದೆ, ಇವತ್ತೇ ನೋಡಿ.

ತಮ್ಮನಿಗೆ ಒಂದು ಕೆಲಸ ಹೇಳಿ. ನಳಿಗೆಯನ್ನು ಬಿಚ್ಚಿ ದಾರದಲ್ಲಿ ತೂಗುಹಾಕಿ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಲಿ. ದೇವರಮನೆ ಗಂಟೆಯ ಹಾಗೆ ನಾದ ಎಳೆದರೆ ಬೆಸುಗೆ ಗಟ್ಟಿ ಇದೆ. ಒಡಕು ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ, ನಾನು ಆ ಹಿರಿಯರಿಗೆ ಕೇಳಿಸುತ್ತೇನೆ. ಪೂಜೆಯ ದಿನ ಕುಂಕುಮವನ್ನು ಮರಕ್ಕೆ ಇಡಿ, ನಳಿಗೆಗೆ ಬೇಡ, ಒದ್ದೆ ಕುಂಕುಮಕ್ಕೆ ತುಕ್ಕು ಹಿಡಿಯುತ್ತದೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ