ಗೆಳೆಯನಿಗೊಂದು ಪತ್ರ: ಹನ್ನೆರಡು ಹನ್ನೆರಡು ಮಕ್ಕಳ ಲೆಕ್ಕ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಏಪ್ರಿಲ್‌ನಲ್ಲಿ ಮಕ್ಕಳ ಶಿಬಿರ ಇದೆಯಂತೆ, ಊರಲ್ಲಿ ಜ್ವರ ಶುರುವಾಗಿದೆಯಂತೆ, ಕೊರೊನಾ ವರ್ಷ ನಾವಿಲ್ಲಿ ಏನೇನು ಮಾಡಿದೆವು ಅಂತ ಒಂದು ಪಟ್ಟಿ ಕಳಿಸಬೇಕಂತೆ. ಪಟ್ಟಿ ಬೇಡ ಮಾರಾಯ. ನನ್ನ ಹತ್ತಿರವೂ ಇತ್ತು, ಹದಿನಾಲ್ಕು ಪುಟದ್ದು. ಮೊದಲ ದಿನವೇ ಏಳು ವರ್ಷದ ಇಬ್ಬರು ಹುಡುಗಿಯರು ಅದನ್ನು ಸೋಲಿಸಿದರು. ಒಬ್ಬಳ ಮಾಸ್ಕಿನ ಮೇಲೆ ಡೈನೋಸಾರ್ ಇತ್ತು, ಇನ್ನೊಬ್ಬಳದು ಬರೀ ನೀಲಿ. ಊಟದ ಹೊತ್ತಿಗೆ ನೋಡಿದರೆ ಡೈನೋಸಾರ್ ಆ ಮುಖ ಬಿಟ್ಟು ಈ ಮುಖಕ್ಕೆ ಬಂದು ಕೂತಿದೆ. "ಬದಲಾಯಿಸಿಕೊಳ್ಳಬಾರದು ಅಂತ ನೀವು ಹೇಳಲೇ ಇಲ್ಲವಲ್ಲ" ಅಂದಳು. ಹೌದು, ಹೇಳಿರಲಿಲ್ಲ.

ಆ ಬೇಸಿಗೆ ನಾನು ಅಮೆರಿಕದ ನ್ಯೂಜೆರ್ಸಿಯ ಒಂದು ಯಹೂದಿ ಡೇ ಕ್ಯಾಂಪಿನಲ್ಲಿ ನರ್ಸ್ ಆಗಿದ್ದೆ. ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ನಡೆಸುವವರು ಅಲ್ಲಿನ ಜ್ಯೂಯಿಷ್ ಕಮ್ಯುನಿಟಿ ಸೆಂಟರ್‌ನವರು. ಎಲ್ಲರೂ ಜೆಸಿಸಿ ಅಂತಾರೆ. ಈಜುಕೊಳ, ಜಿಮ್, ಶಿಶುವಿಹಾರ ಎಲ್ಲ ಒಂದೇ ಕಡೆ. ಯಹೂದಿಗಳೇ ಆಗಬೇಕೆಂದಿಲ್ಲ, ನಮ್ಮವರ ಮಕ್ಕಳೂ ಬರ್ತಾರೆ. ಕೋಷರ್ ಅನ್ನೋ ಅವರ ಊಟದ ಪದ್ಧತಿಯಲ್ಲಿ ಹಾಲು, ಮಾಂಸ ಬೆರೆಯಬಾರದು. ಹಾಗಾಗಿ ನಮ್ಮಲ್ಲಿ ಊಟದ ಡಬ್ಬಿಗೆ ಮಾಂಸ ಹಾಕೋ ಹಾಗೇ ಇರಲಿಲ್ಲ. ನಮ್ಮ ಸಸ್ಯಾಹಾರಿ ಅಮ್ಮಂದಿರಿಗೆ ಅದೊಂದು ನಿಶ್ಚಿಂತೆ. ಆದರೆ ಅಲರ್ಜಿ ಭಯಕ್ಕೆ ಕಡಲೆಬೀಜವೂ ಬಂದ್. ಕಡಲೆಬೀಜ ಇಲ್ಲದ ಚಿತ್ರಾನ್ನ ಕಟ್ಟಿ ಕಳಿಸೋ ಸಂಕಟ ಕೊರೊನಾಕ್ಕಿಂತ ಹಳೆಯದು!

2020ರಲ್ಲಿ ಶಿಬಿರ ನಡೆಯುತ್ತದೋ ಇಲ್ಲವೋ ಅಂತಲೇ ಗೊತ್ತಿರಲಿಲ್ಲ. ಯಹೂದಿಗಳಲ್ಲೇ ರಿಫಾರ್ಮ್ ಅನ್ನೋ ಪಂಥದವರು ಏಪ್ರಿಲ್ 30ಕ್ಕೇ ತಮ್ಮ ಎಲ್ಲಾ ಶಿಬಿರಗಳನ್ನೂ ರದ್ದು ಮಾಡಿದರು. ಪಕ್ಕದ ನ್ಯೂಯಾರ್ಕಿನಲ್ಲಿ ಗವರ್ನರ್ ಕ್ಯುಮೊ ರಾತ್ರಿ ಉಳಿಯುವ ಶಿಬಿರ ಬೇಡ ಅಂದಾಗ ಅಲ್ಲಿನ ಯಹೂದಿ ಶಿಬಿರದವರ ಸಂಘ ಕೋರ್ಟಿಗೆ ಹೋಯಿತು. ಆ ಆದೇಶಕ್ಕೆ ತಡೆ ಸಿಗಲಿಲ್ಲ. ನಮ್ಮ ರಾಜ್ಯದಲ್ಲಿ ಜುಲೈ 6ರಿಂದ ಡೇ ಕ್ಯಾಂಪಿಗೆ ಮಾತ್ರ ಒಪ್ಪಿಗೆ ಸಿಕ್ಕಿತು.

ನಮ್ಮ ಡೈರೆಕ್ಟರ್ ತರಬೇತಿ ದಿನ ವೈರಸ್ ಬಗ್ಗೆ ಶುರುವಿನಲ್ಲಿ ಏನೂ ಹೇಳಲಿಲ್ಲ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತ ಮೋಟುಗೋಡೆ ಕಟ್ಟು, ಯಾರೂ ಬೀಳದಿರಲಿ ಅಂತ ಅವರ ಧರ್ಮಗ್ರಂಥ ತೋರಾದಲ್ಲಿ ಒಂದು ಮಾತಿದೆಯಂತೆ, ಅದನ್ನು ಓದಿದರು. ನನಗೆ ನಿಮ್ಮ ಅಜ್ಜಿಮನೆ ಬಾವಿ ನೆನಪಾಯಿತು. ಕಟ್ಟೆ ಇಲ್ಲದ ಆ ಬಾವಿ ಹತ್ತಿರ ನಿನ್ನ ತಂಗಿ ಓಡಿ ಹೋದಾಗ ಅಜ್ಜಿ ಕೂಗಿದ ಕೂಗು ನೆನಪಿದೆಯಾ? ಜೀವ ಉಳಿಸುವುದರ ಮುಂದೆ ಬೇರೆ ಹೆಚ್ಚುಕಡಿಮೆ ಎಲ್ಲಾ ವಿಧಿಗಳೂ ಹಿಂದೆ ಸರಿಯಬೇಕು ಅನ್ನೋದಕ್ಕೆ ಅವರಲ್ಲಿ ಹೆಸರೇ ಇದೆ: ಪಿಕುವಾಹ್ ನೆಫೆಶ್. ಹಾಗಾಗಿ ಮಾಸ್ಕಿನ ಬಗ್ಗೆ ನಮ್ಮಲ್ಲಿ ಜಗಳ ಜಾಸ್ತಿ ಆಗಲಿಲ್ಲ. ಎಲ್ಲ ಕಡೆ ಹಾಗಿರಲಿಲ್ಲ ಬಿಡು.

ಕೆಲಸ ಶುರುವಾಗುತ್ತಿದ್ದದ್ದು ಕಾರಿನ ಸಾಲಿನಲ್ಲಿ. ಯಾರೂ ಇಳಿಯುವ ಹಾಗಿಲ್ಲ. ನಾನು ಕಿಟಕಿಯಿಂದ ಥರ್ಮಾಮೀಟರ್ ಹಿಡಿಯಬೇಕು. 100.4 ಡಿಗ್ರಿ ದಾಟಿದರೆ ಮನೆಗೆ. ಎರಡನೇ ದಿನ ಒಬ್ಬ ಹುಡುಗನಿಗೆ 100.8 ತೋರಿಸಿತು. ಅವರಪ್ಪನ ಮುಖ ಬಿಳುಚಿತು. ಹುಡುಗ ಬಿಸಿಲು ಬೀಳೋ ಬದಿಯಲ್ಲಿ ಅರ್ಧ ಗಂಟೆ ಕೂತಿದ್ದ. ಮರದ ನೆರಳಿಗೆ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಹತ್ತು ನಿಮಿಷ ಬಿಟ್ಟು ನೋಡಿದರೆ 98.7. ಆಮೇಲೆ ಆ ಮರದ ಕೆಳಗೆ ಒಂದು ಬೋರ್ಡನ್ನೇ ನೆಟ್ಟೆವು.

ಒಳಗೆ ಬಂದ ಮೇಲೆ ಹನ್ನೆರಡು ಮಕ್ಕಳಿಗೊಂದು ಗುಂಪು. ಬಂಕ್ ಅಂತ ಕರೀತಾರೆ. ಒಂದು ಬಂಕಿಗೆ ಇಬ್ಬರು ಕಾಲೇಜು ಹುಡುಗರೋ ಹುಡುಗಿಯರೋ ಕೌನ್ಸೆಲರ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವವರು. ಒಂದೇ ಡೇರೆ, ಒಂದೇ ಬಾತ್‌ರೂಮ್, ಅವರದೇ ಚೆಂಡು, ಅವರದೇ ಕತ್ತರಿ. ಇನ್ನೊಂದು ಬಂಕಿನಲ್ಲಿ ಸ್ವಂತ ಅಣ್ಣ ಇದ್ದರೂ ದೂರದಿಂದ ಕೈ ಬೀಸಬೇಕು ಅಷ್ಟೇ. ಈಜು ಮಾತ್ರ ಬಿಡಲಿಲ್ಲ. ಅಪ್ಪ ಮಗನಿಗೆ ಈಜು ಕಲಿಸಬೇಕು ಅಂತ ಅವರ ಇನ್ನೊಂದು ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇದೆಯಂತೆ. ಕ್ಲೋರಿನ್ ನೀರಿನ ಚಿಂತೆ ಇರಲಿಲ್ಲ, ಬಟ್ಟೆ ಬದಲಾಯಿಸುವ ಕೋಣೆಯ ನೂಕುನುಗ್ಗಲಿನದೇ ಚಿಂತೆ. ಮಕ್ಕಳು ಮನೆಯಿಂದಲೇ ಈಜುಡುಗೆ ಹಾಕಿಕೊಂಡು ಬಂದರು. ಒದ್ದೆ ಮಾಸ್ಕು ಕೆಲಸಕ್ಕೆ ಬಾರದು, ಒಬ್ಬೊಬ್ಬರ ಚೀಲದಲ್ಲೂ ಒಣಗಿದ್ದು ಮೂರು ಇರಲೇಬೇಕು. ಇದನ್ನು ಬರೆದಿಟ್ಟುಕೋ.

ಈಗ ಜುಲೈ 31ರ ವಿಷಯ. ಶುಕ್ರವಾರ, ನಮ್ಮ ವರಮಹಾಲಕ್ಷ್ಮಿ ಹಬ್ಬ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಲಶ ಇಟ್ಟು, ಉಗುರಿನ ಅರಿಶಿನ ಹಾಗೇ ಇಟ್ಟುಕೊಂಡು ಹೋಗಿದ್ದೆ. ಶುಕ್ರವಾರ ಅವರಿಗೂ ದೊಡ್ಡ ದಿನ. ಸಂಜೆ ಶಬ್ಬಾತ್, ಅಂದರೆ ಅವರ ವಾರದ ವಿಶ್ರಾಂತಿ ದಿನ, ಶುರು. ಮಕ್ಕಳನ್ನು ಮನೆಗೆ ಕಳಿಸುವ ಮೊದಲು ಎಲ್ಲರೂ ಹುಲ್ಲಿನ ಮೇಲೆ ಸೇರಿ, ದ್ರಾಕ್ಷಿ ರಸ ಕುಡಿದು, ಜಡೆ ಹೆಣೆದ ಹಾಗಿರುವ ಹಲ್ಲಾ ಬ್ರೆಡ್ ಮುರಿದು ಹಂಚಿ, ಗಂಟಲು ಹರಿಯುವ ಹಾಗೆ ಹಾಡುವುದು ರೂಢಿ. ಆ ವರ್ಷ ಬಂಕ್ ಬಂಕ್ ದೂರ ಕೂರಿಸಿ, ಬ್ರೆಡ್ಡು ಪುಟ್ಟ ಪುಟ್ಟದಾಗಿ ಕವರಿನಲ್ಲಿ ಕೊಟ್ಟು, ಹಾಡು ಮಾತ್ರ ಉಳಿಸಿಕೊಂಡಿದ್ದೆವು. ಬಯಲಲ್ಲವಾ, ಏನಾಗುತ್ತೆ ಅಂತ.

ಅವತ್ತು ಡೈರೆಕ್ಟರ್ ಫೋನ್ ಹಿಡಿದು ನನ್ನ ಕೋಣೆಗೆ ಬಂದರು. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವರದಿ ಬಂದಿತ್ತು. ಜಾರ್ಜಿಯಾ ರಾಜ್ಯದ ಒಂದು ಶಿಬಿರ. ರಾತ್ರಿ ಉಳಿಯುವಂಥದ್ದು, ನಮ್ಮದರ ಹಾಗಲ್ಲ. ಬರುವ ಮೊದಲು ಎಲ್ಲರೂ 12 ದಿನದೊಳಗಿನ ನೆಗೆಟಿವ್ ರಿಪೋರ್ಟ್ ತರಬೇಕಿತ್ತು. ಆದರೂ ಪರೀಕ್ಷೆ ಫಲಿತಾಂಶ ಸಿಕ್ಕಿದ 344 ಜನರಲ್ಲಿ 260 ಜನಕ್ಕೆ ಸೋಂಕು. ಸಿಬ್ಬಂದಿಗೆ ಮಾಸ್ಕ್ ಇತ್ತು, ಮಕ್ಕಳಿಗೆ ಇರಲಿಲ್ಲ. ಕಿಟಕಿ, ಬಾಗಿಲು ತೆರೆದಿಟ್ಟಿರಲಿಲ್ಲ. ದಿನಾ ಜೋರಾಗಿ ಹಾಡು, ಕೂಗು. ಹಾಡಿನ ಆ ಸಾಲನ್ನು ಡೈರೆಕ್ಟರ್ ಎರಡು ಸಲ ಓದಿದರು. ನಾನು ಏನೂ ಹೇಳಲಿಲ್ಲ.

ಆ ಸಂಜೆ ಗಿಟಾರ್ ಒಂದೇ ನುಡಿಯಿತು. ಮಕ್ಕಳಿಗೆ ಕೈಸನ್ನೆ ಹೇಳಿಕೊಟ್ಟಿದ್ದೆವು. ಸುಮ್ನೆ ಕೂತು ಬೆರಳಲ್ಲಿ ಹಾಡಿದರು. ನಡುವೆ ಐದು ವರ್ಷದವನೊಬ್ಬ ಮರೆತು ಜೋರಾಗಿ "ಶಬ್ಬಾತ್ ಶಾಲೋಮ್" ಅಂದುಬಿಟ್ಟ. ಅಂದವನೇ ಎರಡೂ ಕೈಯಿಂದ ಮಾಸ್ಕ್ ಒತ್ತಿಕೊಂಡ. ನನಗೆ ನಗುವೂ ಬಂತು, ಇನ್ನೊಂದೂ ಬಂತು. ಪಾಯಸದ ಡಬ್ಬಿ ಬ್ಯಾಗಿನಲ್ಲಿ ಹಾಗೇ ಉಳಿಯಿತು. ಯಾರಿಗೂ ಹಂಚೋ ಹಾಗಿರಲಿಲ್ಲ.

ಆಗಸ್ಟಿನಲ್ಲಿ ನಮಗೂ ಬಂತು. ಒಬ್ಬ ಕೌನ್ಸೆಲರ್, ಹತ್ತೊಂಬತ್ತರ ಹುಡುಗ. ವಾಸನೆ ಗೊತ್ತಾಗ್ತಿಲ್ಲ ಅಂತ ತಾನೇ ಫೋನ್ ಮಾಡಿದ. ಅವನ ಬಂಕಿನ ಹನ್ನೆರಡು ಮಕ್ಕಳನ್ನು 14 ದಿನ ಮನೆಯಲ್ಲಿಡಬೇಕು. ಒಂದು ಗಂಟೆಯಲ್ಲಿ ಹನ್ನೆರಡು ಮನೆಗೂ ನಾನೇ ಫೋನ್ ಮಾಡಿದೆ. ಯಾರಿಗೆ ಬಂತು ಅಂತ ಹೇಳುವ ಹಾಗಿಲ್ಲ. ಒಬ್ಬ ತಾಯಿ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವವರು. "14 ದಿನ ಇವಳನ್ನು ಎಲ್ಲಿಡಲಿ ಹೇಳಿ" ಅಂದರು. ಬಯ್ಯಲಿಲ್ಲ, ನಿಜವಾಗಿ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಆ ಹುಡುಗ ರಾತ್ರಿ ಮತ್ತೆ ಫೋನ್ ಮಾಡಿ, ಮಕ್ಕಳಿಗೆ ನನ್ನಿಂದ ಬಂತಾ ಅಂತ ಕೇಳಿದ. ಮರುದಿನವೂ ಕೇಳಿದ. ಹನ್ನೆರಡರಲ್ಲಿ ಯಾರಿಗೂ ಬರಲಿಲ್ಲ. ಮಾಸ್ಕ್ ಕಾಯಿತೋ, ಬಯಲು ಕಾಯಿತೋ, ನಾನು ಹೇಳಲಾರೆ. ಉಳಿದ ಬಂಕುಗಳು ಮಾತ್ರ ಒಂದು ದಿನವೂ ನಿಲ್ಲಲಿಲ್ಲ, ಯಾಕಂದ್ರೆ ಯಾರು ಯಾರ ಪಕ್ಕ ಕೂತಿದ್ದರು ಅನ್ನೋದು ನನ್ನ ಪುಸ್ತಕದಲ್ಲಿತ್ತು. ಆ ತಿಂಗಳ ಕೊನೆಗೆ ಮೇನ್ ರಾಜ್ಯದ ನಾಲ್ಕು ಶಿಬಿರಗಳ ವರದಿ ಬಂತು. 1,022 ಜನ, ಮೂವರಿಗೆ ಮಾತ್ರ ಸೋಂಕು, ಅಲ್ಲಿಂದ ಮುಂದೆ ಯಾರಿಗೂ ಹರಡಲಿಲ್ಲ. ಅವರೂ ಪರೀಕ್ಷೆ, ಮಾಸ್ಕಿನ ಜೊತೆಗೆ ಮಕ್ಕಳನ್ನು ಹೀಗೇ ಗುಂಪು ಮಾಡಿ ಇಟ್ಟಿದ್ದರು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಹಾಗಾಗಿ ನೀನು ಥರ್ಮಾಮೀಟರ್‌ಗೆ ದುಡ್ಡು ಸುರಿಯೋ ಮೊದಲು ನೂರು ಪುಟದ ಒಂದು ನೋಟ್‌ಬುಕ್ ತಗೋ. ಮಕ್ಕಳನ್ನು ಹನ್ನೆರಡು ಹನ್ನೆರಡು ಮಾಡು, ದಿನಾ ಬರೆ. ಮತ್ತೆ, ಶಿಬಿರ ಆ ಹಳೇ ಸಭಾಭವನದಲ್ಲೇ ಅಲ್ವಾ? ಅದಕ್ಕೆ ಕಿಟಕಿ ಎಷ್ಟಿವೆ, ಅದರಲ್ಲಿ ತೆರೆಯೋಕೆ ಬರೋದು ಎಷ್ಟು, ಎಣಿಸಿ ಬರಿ.

ನಿನ್ನ
ಹಳೇ ಬೆಂಚಿನ ಗೆಳತಿ