ಹಳೇ ಟ್ರಸ್ ಸೇತುವೆಗೆ ಎತ್ತರ ತಿಳಿಸುವ ಫಲಕ ಬೇಕು

ಮಾನ್ಯ ಸಂಪಾದಕರೇ,

ಹೆದ್ದಾರಿಯ ಹಳೇ ಉಕ್ಕಿನ ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಸೇತುವೆಗಳನ್ನು ‘ವಯಸ್ಸಾಯ್ತು’ ಅಂತ ಕೆಡವುವ ಮೊದಲು, ಅವುಗಳಲ್ಲಿ ರಸ್ತೆಯ ಮೇಲೆ ಎತ್ತರದಲ್ಲಿ ಅಡ್ಡ ಹಾದಿರುವ ಉಕ್ಕಿನ ಪಟ್ಟಿಗಳಿಗೆ ಲಾರಿ ತಾಗದಂತೆ ನೋಡಿಕೊಳ್ಳಬೇಕು. ಆ ಪಟ್ಟಿಗಳು ಸುಮ್ನೆ ಅಂದಕ್ಕೆ ಇರುವುದಲ್ಲ. ಎರಡೂ ಬದಿಯ ಟ್ರಸ್‌ಗಳು ವಾಲದಂತೆ ಹಿಡಿದಿಡುವುದು ಅವೇ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಕ್ಯಾಗಿಟ್ ನದಿಗೆ 1955ರಲ್ಲಿ ಕಟ್ಟಿದ ಸೇತುವೆಯ ಒಂದು ಅಂಕಣ (ಎರಡು ಕಂಬಗಳ ನಡುವಿನ ಭಾಗ) 2013ರ ಮೇ 23ರಂದು ಕುಸಿದದ್ದು ತುಕ್ಕಿನಿಂದಲ್ಲ, ಎತ್ತರದ ಸರಕು ಹೊತ್ತ ಲಾರಿಯೊಂದು ಬಲಬದಿಯ ಲೇನ್‌ನಲ್ಲಿ ಹೋಗುತ್ತಾ ಈ ಪಟ್ಟಿಗಳಿಗೆ ಸಾಲಾಗಿ ಬಡಿದದ್ದರಿಂದ. ಅಲ್ಲಿ ಪಟ್ಟಿಗಳು ಕಮಾನಿನಂತೆ ಬಾಗಿದ್ದವು. ಹಾಗಾಗಿ ಅವುಗಳಡಿ ರಸ್ತೆಯ ನಡುವೆ ಎತ್ತರ ಜಾಸ್ತಿ, ಅಂಚಿನಲ್ಲಿ ಕಡಿಮೆ. ಕಾರುಗಳು ನದಿಗೆ ಬಿದ್ದವು. ಯಾರೂ ಸಾಯಲಿಲ್ಲ, ಅದೇ ಪುಣ್ಯ.

ಚಾಲಕನನ್ನಷ್ಟೇ ದೂರಿದರೆ ಸಾಲದು ಅಲ್ವಾ? ಎಲ್ಲಿ ಎತ್ತರ ಕಡಿಮೆ ಅಂತ ಅವನಿಗೆ ಮೊದಲೇ ತಿಳಿಯುವ ಹಾಗಿರಬೇಕು.

ಹಾಗಾಗಿ ಇಂಥ ಪ್ರತಿ ಸೇತುವೆಗೂ ಸಾಕಷ್ಟು ಮುಂಚೆಯೇ, ಲಾರಿ ತಿರುಗಿಸಲು ಜಾಗವಿರುವ ಕಡೆ, ಒಂದೊಂದು ಲೇನ್‌ನ ಎತ್ತರವನ್ನೂ ಬೇರೆ ಬೇರೆಯಾಗಿ ಬರೆದ ಫಲಕ ಹಾಕಲಿ. ಜೊತೆಗೆ ಅದೇ ಎತ್ತರಕ್ಕೆ ಒಂದು ಅಡ್ಡಕಂಬಿಯನ್ನೂ ನಿಲ್ಲಿಸಲಿ. ತಾಗುವುದಿದ್ದರೆ ಸರಕು ಆ ಕಂಬಿಗೆ ತಾಗಲಿ, ಸೇತುವೆಗೆ ಬೇಡ.

– ಓರ್ವ ಓದುಗ