ಲಂಗರು ಹಾಕಲು ಇಬ್ಬರಿಗೂ ಬರಬೇಕು

ಮಾನ್ಯ ಸಂಪಾದಕರೇ,

ನಿವೃತ್ತಿಯ ನಂತರ ಕೆರಿಬಿಯನ್ ದ್ವೀಪಗಳಲ್ಲಿ ಹಾಯಿದೋಣಿಯ ಮೇಲೆ ಬದುಕುವ ದಂಪತಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಬಾಡಿಗೆಯಿಲ್ಲ, ಕರೆಂಟ್ ಬಿಲ್ಲಿಲ್ಲ ಎಂಬುದೇನೋ ನಿಜ. ಆದರೆ ಗಂಡ ಬೋಟು ನಡೆಸುತ್ತಾನೆ, ಹೆಂಡತಿ ಅಡುಗೆ ನೋಡಿಕೊಳ್ಳುತ್ತಾಳೆ ಎಂಬ ಮಾತನ್ನು ಗ್ರೆನಡಾದ ದಕ್ಷಿಣ ಕೊಲ್ಲಿಗಳಲ್ಲಿರುವ ನಾವು ಒಪ್ಪಲಾರೆವು. ಬೋಟಿನಲ್ಲಿರುವುದೇ ಇಬ್ಬರು, ಇಬ್ಬರಿಗೂ ವಯಸ್ಸಾಗಿದೆ. ಒಬ್ಬರಿಗೆ ಸೊಂಟ ಹಿಡಿದರೆ, ಡೆಂಗಿ ಬಂದರೆ ಇಡೀ ಬೋಟು ಇನ್ನೊಬ್ಬರ ಪಾಲು.

ಮೊದಲು ಲಂಗರು. ನೀರಿನ ಆಳ 5 ಮೀಟರ್, ನೀರಿನಿಂದ ಬೋಟಿನ ಮೂತಿಯ ಎತ್ತರ 1 ಮೀಟರ್, ಉಬ್ಬರಕ್ಕೆ ಅರ್ಧ ಮೀಟರ್ ಎಂದುಕೊಳ್ಳಿ, ಒಟ್ಟು ಆರೂವರೆ. ಅದರ ಐದು ಪಟ್ಟು, ಅಂದರೆ ಸುಮಾರು 33 ಮೀಟರ್ ಸರಪಳಿ ಬಿಡಬೇಕು. ಗಾಳಿ ಏರುವ ಸೂಚನೆಯಿದ್ದರೆ ಏಳು ಪಟ್ಟು. ಮೂತಿಯ ಎತ್ತರವನ್ನು ಲೆಕ್ಕಕ್ಕೆ ಹಿಡಿಯದೆ ಹೊಸಬರು ನಡುರಾತ್ರಿ ಪಕ್ಕದ ಬೋಟಿಗೆ ಹೋಗಿ ಗುದ್ದುತ್ತಾರೆ. ಗಾಳಿಗೆ ಎದುರಾಗಿ ನಿಂತು, ಲಂಗರು ತಳ ಮುಟ್ಟಿದ ಮೇಲೆ ಬೋಟು ಹಿಂದೆ ಸರಿದಂತೆಲ್ಲ ಸರಪಳಿ ಬಿಡುತ್ತಾ ಹೋಗಿ. ಒಂದೇ ಸಲ ಸುರಿದರೆ ಲಂಗರಿನ ಮೇಲೆಯೇ ಗುಡ್ಡೆ ಬಿದ್ದು ಸುತ್ತಿಕೊಳ್ಳುತ್ತದೆ. ಆಮೇಲೆ ಎಂಜಿನ್ನನ್ನು ರಿವರ್ಸ್‌ಗೆ ಹಾಕಿ ಮೆಲ್ಲಗೆ ವೇಗ ಏರಿಸುತ್ತಾ, ದಡದ ಒಂದು ಮರ ಮತ್ತು ಅದರ ಹಿಂದಿನ ಮನೆಯ ಮೇಲೆ ಕಣ್ಣಿಡಿ. ಎರಡೂ ಒಂದೇ ಗೆರೆಯಲ್ಲಿ ನಿಂತರೆ ಲಂಗರು ಕಚ್ಚಿದೆ. ಗೆರೆ ಕದಲಿದರೆ ಇಲ್ಲ. ಕಡಲಹುಲ್ಲಿದ್ದ ಕಡೆ ಲಂಗರಿಗೆ ಹುಲ್ಲಿನ ಮುದ್ದೆ ಮೆತ್ತಿಕೊಂಡು ಜಾರುತ್ತಲೇ ಇರುತ್ತದೆ. ಎತ್ತಿ, ಕಿತ್ತು ತೆಗೆದು, ಬಿಳಿ ಮರಳು ಕಾಣುವ ಜಾಗದಲ್ಲಿ ಹೊಸದಾಗಿ ಹಾಕಬೇಕು. ಕೊನೆಗೆ 8–10 ಮೀಟರಿನ ನೈಲಾನ್ ಹಗ್ಗವನ್ನು ಸರಪಳಿಗೆ ಕೊಂಡಿ ಹಾಕಿ, ಇನ್ನೊಂದು ತುದಿಯನ್ನು ಬೋಟಿಗೆ ಕಟ್ಟಿ, ಎಳೆತವೆಲ್ಲ ಹಗ್ಗದ ಮೇಲೆ ಬೀಳುವಂತೆ ಮಾಡಿ. ನೈಲಾನ್ ಹಿಗ್ಗಿ ಅಲೆಯ ಹೊಡೆತ ನುಂಗುತ್ತದೆ. ಅದು ಉಜ್ಜುವ ಕಡೆ ಹಳೆಯ ಪೈಪಿನ ತುಂಡು ತೊಡಿಸದಿದ್ದರೆ ಬೆಳಗಾಗುವುದರೊಳಗೆ ಸವೆದಿರುತ್ತದೆ. ಸರಪಳಿ ಎತ್ತಲು ವಿದ್ಯುತ್ ರಾಟೆಯಿದೆ, ತೋಳ್ಬಲ ಬೇಕಿಲ್ಲ. ಚುಕ್ಕಾಣಿ ಒಬ್ಬರಿಗೆ, ಲಂಗರು ಒಬ್ಬರಿಗೆ ಎಂದು ಬರೆದಿಟ್ಟಂತೆ ಮಾಡದೆ ಆಗಾಗ ಅದಲುಬದಲು ಮಾಡಿಕೊಳ್ಳಲಿ.

ನೀರಿಗೆ ಬಿದ್ದ 80 ಕೆ.ಜಿ.ಯ ಗಂಡನನ್ನು ಬರಿಗೈಯಲ್ಲಿ ಮೇಲೆತ್ತಲು ಯಾರಿಂದಲೂ ಆಗದು. ಹಾಯಿ ಏರಿಸುವ ಹಗ್ಗ ಮತ್ತು ಅದನ್ನು ಎಳೆಯುವ ರಾಟೆ, ಅಂದರೆ ವಿಂಚ್ ಬಳಸಿ ಎತ್ತುವುದನ್ನು ನಿಂತ ಬೋಟಿನಲ್ಲೇ ಮಾಡಿ ನೋಡಬೇಕು. ಬೋಟುಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ‘ಮೇಡೇ’ ಎಂಬ ಪ್ರಾಣಾಪಾಯದ ಕರೆ ಕೂಗಿ ಬೋಟಿನ ಹೆಸರು, ಇರುವ ಜಾಗ, ಆಗಿರುವ ಅಪಾಯ, ಜನರ ಸಂಖ್ಯೆ ಹೇಳುವುದೂ ಇಬ್ಬರ ಬಾಯಲ್ಲೂ ಇರಬೇಕು.

ಎಂಜಿನ್ ವಿಷಯದಲ್ಲಿ ಒಂದೇ ಮಾತು. ಎಂಜಿನ್ನನ್ನು ತಣಿಸುವ ಕಡಲ ನೀರು ಹೊಗೆಕೊಳವೆಯಿಂದ ಹೊರಬೀಳುವುದು ನಿಂತರೆ ತಕ್ಷಣ ಆಫ್ ಮಾಡಿ. ಕಡಲಲ್ಲಿ ತೇಲುವ ಸರ್ಗಾಸಮ್ ಕಳೆ ನೀರು ಒಳಬರುವ ಜಾಲರಿಗೆ ಸಿಕ್ಕಿರಬಹುದು, ಇಲ್ಲವೇ ಪಂಪಿನಲ್ಲಿ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಹರಿದಿರಬಹುದು. ಹೊಸದು ಹಾಕುವ ಮೊದಲು ಹಳೆಯದರ ರೆಕ್ಕೆಗಳನ್ನು ಎಣಿಸಿ. ಕಾಣೆಯಾದ ಚೂರು ಎಂಜಿನ್ನಿನ ಬಿಸಿ ಇಳಿಸುವ ಹೀಟ್ ಎಕ್ಸ್‌ಚೇಂಜರ್ ಒಳಗೆ ಕೂತಿರಬಹುದು, ತೆಗೆಯದಿದ್ದರೆ ಎಂಜಿನ್ ಮತ್ತೆ ಕಾಯುತ್ತದೆ.

400 ವ್ಯಾಟಿನ ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ 12 ವೋಲ್ಟಿನ ಬ್ಯಾಟರಿಗೆ ದಿನಕ್ಕೆ ಸುಮಾರು 100 ಆಂಪಿಯರ್-ಅವರ್ ತುಂಬುತ್ತದೆ. ಈ ಸೆಕೆಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಫ್ರಿಜ್ ಒಂದೇ ತಿನ್ನುತ್ತದೆ. ಕಡಲ ನೀರನ್ನು ಸಿಹಿನೀರು ಮಾಡುವ ವಾಟರ್‌ಮೇಕರ್ ಇದ್ದವರು ಎಣ್ಣೆ ತೇಲುವ ಬಂದರಿನಲ್ಲಿ ಅದನ್ನು ಓಡಿಸಬಾರದು. ಕ್ಲೋರಿನ್ ಇರುವ ನಲ್ಲಿ ನೀರಿನಿಂದ ನೇರವಾಗಿ ತೊಳೆದರೂ ಅದರ ಪೊರೆ ಹಾಳಾಗುತ್ತದೆ, ಮಧ್ಯೆ ಕಾರ್ಬನ್ ಫಿಲ್ಟರ್ ಬೇಕು. ಮಳೆಗಾಲದಲ್ಲಿ ಚಪ್ಪರದ ಬಟ್ಟೆಗೆ ಪೈಪು ಜೋಡಿಸಿ ನೀರು ಹಿಡಿಯುವುದೇ ನಮ್ಮ ಮಟ್ಟಿಗೆ ಮೇಲು.

ಅಡುಗೆಗೆ ನಮ್ಮ ಪ್ರೆಷರ್ ಕುಕ್ಕರ್‌ಗೆ ಸಾಟಿಯಿಲ್ಲ: ಗ್ಯಾಸ್ ಉಳಿಯುತ್ತದೆ, ಬೋಟು ವಾಲಿದರೂ ಸಾರು ಚೆಲ್ಲುವುದಿಲ್ಲ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಬೋಟಿನ ತಳದಲ್ಲಿ ನಿಂತು ಕಿಡಿಗಾಗಿ ಕಾಯುತ್ತದೆ, ಸಿಲಿಂಡರ್ ವಾಲ್ವನ್ನು ಪ್ರತಿ ಸಲ ಮುಚ್ಚಿ. ಅಂಗಡಿಯ ರಟ್ಟಿನ ಪೆಟ್ಟಿಗೆ ಒಳಗೆ ತರಬೇಡಿ. ಜಿರಲೆ ಮೊಟ್ಟೆ ಬರುವುದೇ ಅದರಲ್ಲಿ.

ಇನ್ನು ಚಂಡಮಾರುತ. ಜೂನ್ 1ರಿಂದ ನವೆಂಬರ್ 30ರವರೆಗೆ ಬೋಟು 12 ಡಿಗ್ರಿ 40 ನಿಮಿಷ ಉತ್ತರ ಅಕ್ಷಾಂಶದ ಗೆರೆಯ ಕೆಳಗಿರಬೇಕು ಎಂದು ಹಲವು ವಿಮಾ ಪಾಲಿಸಿಗಳಲ್ಲಿ ಷರತ್ತಿರುತ್ತದೆ. ಆ ಗೆರೆ ಬಿರುಗಾಳಿಗೆ ಗೊತ್ತಿಲ್ಲ. 2004ರಲ್ಲಿ ಐವನ್ ಚಂಡಮಾರುತ ಗ್ರೆನಡಾವನ್ನೇ ಹೊಡೆಯಿತು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿದ, ಗ್ರೆನಡಾಕ್ಕೇ ಸೇರಿದ ಕ್ಯಾರಿಯಾಕೂ ದ್ವೀಪವೂ ಗೆರೆಯ ಕೆಳಗೇ ಇದೆ. ಅಲ್ಲಿ ಟಿರೆಲ್ ಬೇ ಕೊಲ್ಲಿಯ ಕಾಂಡ್ಲಾ ಕಾಡಿನೊಳಗೆ ಆಶ್ರಯ ಪಡೆದ ಹಲವು ಬೋಟುಗಳೂ ಉಳಿಯಲಿಲ್ಲ. ಊರಿಗೆ ಹೋಗುವವರು ಟ್ರಿನಿಡಾಡ್‌ನ ಶಾಗರಾಮಸ್‌ನಲ್ಲಿರುವ ಬೋಟ್ ಯಾರ್ಡುಗಳಲ್ಲಿ ಬೋಟನ್ನು ದಡಕ್ಕೆತ್ತಿಸಿ ಹೋಗುವುದು ವಾಸಿ. ಆಗ ಹಾಯಿ, ಚಪ್ಪರ, ಪ್ಯಾನೆಲ್ ಎಲ್ಲ ಬಿಚ್ಚಿ ಒಳಗಿಟ್ಟು, ಬೋಟನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿಸಬೇಕು. ಗಾಳಿ ಎದ್ದ ಮೇಲೆ ಹಾಯಿ ಬಿಚ್ಚಲು ಆಗುವುದಿಲ್ಲ.

ನಿವೃತ್ತ ದಂಪತಿ,
ಪ್ರಿಕ್ಲಿ ಬೇ, ಗ್ರೆನಡಾ